ಸಮುದ್ರದಲ್ಲಿ ಬಿಚ್ಚಿಕೊಂಡ ಕುರಿಗಂಟು

ನನ್ನ ಮೊಮ್ಮಗಳ ಕೆಲಸ ಏನೆಂದು ಯಾರಾದರೂ ಕೇಳಿದರೆ ಇವತ್ತಿಗೂ ನಾನು ಒಮ್ಮೆ ಉಸಿರು ಎಳೆದುಕೊಂಡೇ ಹೇಳುವುದು. ನಮ್ಮ ಹಟ್ಟಿ ಇರುವುದು ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಹತ್ತಿರ. ಕೆರೆ ಕೋಡಿ ಬಿದ್ದ ವರ್ಷ ಅದನ್ನು ನೋಡುವುದಕ್ಕೆಂದೇ ಬುತ್ತಿ ಕಟ್ಟಿಕೊಂಡು ಹೋದ ಜನ ನಾವು. ಅಂಥ ಹಟ್ಟಿಯಲ್ಲಿ ಹುಟ್ಟಿ, ಕುರಿಮರಿಗಳ ಜೊತೆ ಬೆಳೆದ ಹುಡುಗಿ ಈಗ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂದು ನಾಲ್ಕು ತಾಲ್ಲೂಕು ತಿರುಗಿ, ಕೆಲಸ ಬೇಕೆನ್ನುವ ಹೆಣ್ಣುಮಕ್ಕಳನ್ನು ಹುಡುಕಿ, ಅವರಿಗೆ ತರಬೇತಿ ಕೊಡಿಸಿ, ಸಮುದ್ರದ ದಂಡೆಗೆ ಕಳಿಸುತ್ತಾಳೆ. ಮೀನು ಹಿಡಿಯುವ ಬಲೆ ರಿಪೇರಿಗೆ, ಐಸ್ ಪ್ಲಾಂಟಿಗೆ, ಮೀನು ಆರಿಸುವ ಶೆಡ್ಡಿಗೆ. ಚಿತ್ರದುರ್ಗದಲ್ಲಿ ಅವಳಿಗೊಂದು ಆಫೀಸು ಇದೆ. ಮೇಜಿನ ಮೇಲೆ ಕೋಆರ್ಡಿನೇಟರ್ ಎಂದು ಬರೆದ ಹಲಗೆ ಇದೆ. ನಾನು ಮೂರನೇ ಕ್ಲಾಸಿಗೆ ಸ್ಲೇಟು ಒಡೆದು ಕುರಿಯ ಹಿಂದೆ ಹೋದವನು. ಆ ಹಲಗೆಯನ್ನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಅವಳು ಚಹಾ ತರಿಸಿ ಮುಗಿಸಿದ್ದಳು. ಈಗ ಬರೆಯುತ್ತಿರುವುದೂ ಹಾಗೆಯೇ, ಕೂಡಿಸಿ ಕೂಡಿಸಿ. ತಪ್ಪಿದ್ದಲ್ಲಿ ಅವಳೇ ತಿದ್ದುತ್ತಾಳೆ.

ಮೊದಲ ಸಲ ಅವಳು ಈ ಕೆಲಸದ ವಿಷಯ ಹೇಳಿದಾಗ ನನ್ನ ಹೆಂಡತಿ ರೊಟ್ಟಿ ಬಡಿಯುತ್ತಿದ್ದವಳು ಕೈ ಎತ್ತಿದ್ದು ಎತ್ತಿದ ಹಾಗೇ ನಿಂತಳು.

"ಕುರಿ ಕಾಯೋರ ಮನೆ ಹುಡುಗಿ ಮೀನು ಕಾಯೋಕೆ ಹೊಂಟ್ಳಲ್ಲೋ ಶಿವನೇ! ಅಲ್ಲ ಕಣವ್ವ, ಅಲ್ಲಿ ಜನ ಇಲ್ವಾ?"

"ಅವರ ಮಕ್ಕಳೆಲ್ಲ ಬ್ಯಾರೆ ಬ್ಯಾರೆ ಕೆಲಸಕ್ಕೆ ಹೋಗ್ಯಾರೆ ಅಜ್ಜಿ. ಬೋಟು ಅವೆ, ಬಲೆ ಅವೆ, ಹೆಣೆಯೋ ಕೈ ಇಲ್ಲ. ನಮ್ಮ ಕಡೆ ಕೈ ಅವೆ, ಶೇಂಗಾ ಕಿತ್ತ ಮ್ಯಾಲೆ ಕೆಲಸ ಇಲ್ಲ. ಎರಡನ್ನೂ ಕೂಡಿಸೋದು ನನ್ನ ಕೆಲಸ."

ಇಷ್ಟು ಸಲೀಸಾಗಿ ಹೇಳಿಬಿಟ್ಟಳು. ನಾನು ಬಾಯಿ ತೆರೆದುಕೊಂಡು ಕೂತೆ. ಸಂಬಂಧ ಕೂಡಿಸುವವರನ್ನು ನೋಡಿದ್ದೆ. ಬಯಲುಸೀಮೆಗೂ ಸಮುದ್ರಕ್ಕೂ ಸಂಬಂಧ ಕೂಡಿಸುವವಳು ನಮ್ಮ ಮನೆಯಲ್ಲೇ ಹುಟ್ಟಿದ್ದಾಳೆಂದು ಗೊತ್ತಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಅವಳ ಮೊದಲ ತಂಡ ಸಿದ್ಧವಾಯಿತು. ಹನ್ನೊಂದು ಹೆಂಗಸರು. ಹೊಳಲ್ಕೆರೆಯ ಒಂದು ಸಮುದಾಯ ಭವನದಲ್ಲಿ ಅವರಿಗೆ ತರಬೇತಿ. ಆದರೆ ಬಲೆ ಕಲಿಸಬೇಕಿದ್ದ ಕರಾವಳಿಯ ಮಾಸ್ತರು ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡರು. ಹನ್ನೊಂದು ಜನ ಕೈ ಕಟ್ಟಿ ಕೂತರು. ಮೊಮ್ಮಗಳು ನೇರವಾಗಿ ಹಟ್ಟಿಗೆ ಬಂದಳು.

"ಅಜ್ಜ, ಒಂದು ವಾರ ಬಾ. ಸೂಜಿ ಹಿಡಿಯೋದು ಹೆಂಗೆ, ಬಲೆ ಕಣ್ಣು ಅಳತೆ ತಪ್ಪದಂಗೆ ಹೆಣೆಯೋದು ಹೆಂಗೆ, ಅಷ್ಟು ತೋರಿಸು. ಗಂಟು ಮಾತ್ರ ಮಾಸ್ತರು ಬಂದ ಮ್ಯಾಲೆ ಅವರೇ ಹೇಳ್ಕೊಡ್ತಾರೆ. ಗಂಟಿನ ತಂಟೆಗೆ ನೀನು ಹೋಗಬ್ಯಾಡ."

ನನ್ನನ್ನು ಯಾಕೆ ಕರೆದಳೆಂದು ಹೇಳಬೇಕು. ನಾವು ಬೇರೆಯವರ ಹೊಲದಲ್ಲಿ ಗೊಬ್ಬರಕ್ಕೆ ಕುರಿ ತರುಬುವಾಗ ಸುತ್ತಲೂ ಗೂಟ ನೆಟ್ಟು ಬಲೆ ಕಟ್ಟುತ್ತೇವೆ. ಆ ಬಲೆಯನ್ನು ಕುರಿಯ ಹಿಂದೆ ನಡೆಯುತ್ತಲೇ ಹೆಣೆಯುತ್ತೇವೆ. ನನ್ನ ಕೈಯಲ್ಲಿ ಅಂಥ ಎಷ್ಟೋ ಬಲೆ ಹುಟ್ಟಿವೆ. ಅದರ ಗಂಟಿಗೆ ಒಂದು ಗುಣ ಇದೆ. ಮರಿಗಳು ಹುಚ್ಚು ಮುಂಡೇವು, ತಾಯಿ ಆಚೆ ಕಂಡರೆ ಬಲೆಯ ಕಣ್ಣಿನೊಳಗೆ ಕುತ್ತಿಗೆ ತೂರಿಸಿ ಸಿಕ್ಕಿಕೊಳ್ಳುತ್ತವೆ. ತಡವಾದರೆ ಸತ್ತೇ ಹೋಗುತ್ತವೆ. ಅದಕ್ಕೇ ನಮ್ಮ ಗಂಟು ಒಂದು ತುದಿ ಹಿಡಿದು ಎಳೆದರೆ ಸರಕ್ಕನೆ ಬಿಚ್ಚಿಕೊಳ್ಳಬೇಕು. ಕೈ ಖಾಲಿ ಇಲ್ಲದಿದ್ದರೆ ಹಲ್ಲಿನಲ್ಲಿ ಎಳೆದರೂ ಬಿಚ್ಚಿಕೊಳ್ಳಬೇಕು. ನಮ್ಮಪ್ಪ ನನಗೆ ಇದನ್ನು ಕಲಿಸುವಾಗ ಎರಡು ಏಟು ಕೊಟ್ಟಿದ್ದ.

ಮೊಮ್ಮಗಳಿಗೆ ಹ್ಞೂಂ ಅಂದೆ. ಹೋದೆ. ಹನ್ನೊಂದು ಜನ ಹೆಣ್ಣುಮಕ್ಕಳು "ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ" ಎಂದು ಕುರ್ಚಿ ಹಾಕಿದರು. ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಮೇಷ್ಟ್ರು ಎಂದು ಕರೆದಿರಲಿಲ್ಲ. ಅಲ್ಲಿ ಬಬ್ಬೂರಿನಿಂದ ಬಂದ ಒಬ್ಬಾಕೆ, ಅಲ್ಲಿನ ಸರ್ಕಾರಿ ಬೆಳೆ ಫಾರಮ್ಮಿನ ತಾಕುಗಳಲ್ಲಿ ಕೂಲಿ ಮಾಡಿ ಗಿಡಗಿಡಕ್ಕೂ ಚೀಟಿ ಕಟ್ಟಿ ಬೆರಳು ಪಳಗಿದವಳು, ಎರಡೇ ದಿನಕ್ಕೆ ಅಳತೆ ಹಿಡಿದುಬಿಟ್ಟಳು.

"ಮೇಷ್ಟ್ರೇ, ಕಣ್ಣು ಬಂತು. ಗಂಟು ಎಲ್ಲೈತೆ?" ಎಂದಳು.

"ಗಂಟು ಬ್ಯಾರೆಯವರು ಹೇಳ್ಕೊಡ್ತಾರಂತೆ."

"ಹಂಗಾದ್ರೆ ನಿಮಗೆ ಬರಂಗಿಲ್ಲ ಅನ್ನಿ!"

ಎಲ್ಲರೂ ಕಿಸಕ್ಕನೆ ನಕ್ಕರು. ಅಷ್ಟೇ ಸಾಕಾಯಿತು ನನಗೆ. ಮೂರನೇ ದಿನ ಬೆಳಿಗ್ಗೆಯೇ ಗಂಟು ಕಲಿಸಲು ಕೂತೆ. ವಾರ ಮುಗಿಯುವಷ್ಟರಲ್ಲಿ ಹನ್ನೊಂದು ಜನರೂ ಕಣ್ಣು ಮುಚ್ಚಿಕೊಂಡು ಆ ಗಂಟು ಹಾಕುತ್ತಿದ್ದರು. ಮೊಮ್ಮಗಳಿಗೆ ಹೇಳಲಿಲ್ಲ. ಬೈತಾಳೆಂದಲ್ಲ, ಒಂದು ದಿನ ಗೊತ್ತಾಗಿ ಆಶ್ಚರ್ಯಪಡಲಿ ಎಂದು.

ಕಾಲಿಗೆ ಪಟ್ಟಿ ಕಟ್ಟಿಕೊಂಡು ಮಾಸ್ತರು ತರಬೇತಿಯ ಕೊನೆಯ ಎರಡು ದಿನ ಬಂದರು. ತಮ್ಮ ಗಂಟು ತೋರಿಸಿದರು. ಅವರೆದುರು ಎಲ್ಲರೂ ಅದನ್ನೇ ಹಾಕಿದರು. ಆದರೆ ಕೈಗೆ ಮೊದಲು ಕೂತದ್ದು ನನ್ನದು. ಆ ಹೆಣ್ಣುಮಕ್ಕಳು ಬಂದರಿಗೆ ಹೋದರು. ಮಳೆಗಾಲದಲ್ಲಿ ಬೋಟುಗಳು ಸಮುದ್ರಕ್ಕೆ ಇಳಿಯುವುದಿಲ್ಲ. ಆಗಲೇ ಬಲೆಗಳ ರಿಪೇರಿ. ದಿನಾ ಹರಿದ ಕಡೆಗಳಿಗೆ ತೇಪೆ ಹೆಣೆದರು. ಒಣ ಬಲೆಯಲ್ಲಿ, ನೆಲದ ಮೇಲೆ, ಎರಡು ಗಂಟೂ ಒಂದೇ ಥರ ಕಾಣುತ್ತವೆ. ನೋಡಿದವರೆಲ್ಲ ಕೈಕೆಲಸ ಚೆನ್ನಾಗಿದೆ ಎಂದರಂತೆ. ಬಬ್ಬೂರಿನಾಕೆ ಅಲ್ಲೇ ರೂಮು ಹಿಡಿದು ಮಗಳನ್ನು ಬಂದರಿನ ಶಾಲೆಯಲ್ಲಿ ಐದನೇ ಕ್ಲಾಸಿಗೆ ಸೇರಿಸಿದಳು. ಇಲ್ಲಿ ಮೊಮ್ಮಗಳು ಎರಡನೇ ತಂಡಕ್ಕೆ ಹೊಸದುರ್ಗದ ಕಡೆ ಹೆಸರು ಬರೆಸಿಕೊಳ್ಳಲು ಶುರು ಮಾಡಿದಳು. ನಾನು ಹಟ್ಟಿಯಲ್ಲಿ ಎದೆ ಉಬ್ಬಿಸಿಕೊಂಡು ತಿರುಗುತ್ತಿದ್ದೆ.

ಶ್ರಾವಣದ ಒಂದು ಬೆಳಿಗ್ಗೆ ಫೋನು ಬಂತು. ನಾನು ಕುರಿಗೆ ಉಪ್ಪು ನೆಕ್ಕಿಸುತ್ತಿದ್ದೆ.

"ಅಜ್ಜ, ಒಂದು ಕೇಳ್ತೀನಿ, ನಿಜ ಹೇಳು. ಹಾಲ್‌ನಾಗೆ ನೀನು ಅವರಿಗೆ ಗಂಟು ಹೇಳ್ಕೊಟ್ಟಿದ್ಯಾ?"

ಗೊತ್ತಾಗಿಬಿಟ್ಟಿತು, ಮೆಚ್ಚಿಕೊಂಡೇ ಕೇಳುತ್ತಿದ್ದಾಳೆ ಎಂದು ನನಗೆ ಖುಷಿಯೋ ಖುಷಿ.

"ಹ್ಞೂಂ ಮತ್ತೆ! ಎಂಥಾ ಗಂಟು ಅಂದ್ಕಂಡೆ! ನಿಮ್ಮ ಮುತ್ತಾತಂದು. ಒಂದು ಸಲ ಎಳೆದ್ರೆ ಸಾಕು, ಸರಕ್ಕನೆ ಬಿಚ್ಕಂತೈತೆ!"

 ಫೋನು ಕಟ್ ಆಯಿತೇನೋ ಎಂದು ಹಲೋ ಹಲೋ ಅಂದೆ.

"ಬಿಚ್ಕಂಡೈತೆ ಅಜ್ಜ," ಎಂದಳು. "ಸಮುದ್ರದಾಗೆ. ಮೀನು ತುಂಬಿದ ಬಲೆ ಮ್ಯಾಲೆ ಎಳೆಯೋವಾಗ ತೇಪೆ ಹಾಕಿದ ಕಡೆ ಎಲ್ಲಾ ಬಿಚ್ಕಂಡೈತೆ. ಮೇಲೆ ಬರೋವಷ್ಟರಾಗೆ ಬಲೆ ಖಾಲಿ."

ಉಪ್ಪಿನ ಬಟ್ಟಲು ಕೈಯಿಂದ ಬಿತ್ತು. ಕುರಿಗಳು ಮುಗಿಬಿದ್ದವು. ನಾನು ನಿಂತೇ ಇದ್ದೆ. ತಲೆಯೊಳಗೆ ಒಂದೇ ಚಿತ್ರ. ದೊಡ್ಡಿಯ ಬಾಗಿಲು ತೆಗೆದು ನಾನೇ ಮಂದೆಯನ್ನೆಲ್ಲ ಹೊರಗೆ ಅಟ್ಟಿದ ಹಾಗೆ.

ವಿಷಯ ಇಷ್ಟು. ಬೋಟಿನ ಯಜಮಾನರು ಸಿಟ್ಟಾಗಿದ್ದಾರೆ. ಹನ್ನೊಂದು ಜನರನ್ನೂ ವಾಪಸ್ಸು ಕಳಿಸುತ್ತಾರಂತೆ. ನಮ್ಮ ನಾಲ್ಕು ತಾಲ್ಲೂಕಿನಿಂದ ಇನ್ನು ಯಾರೂ ಬೇಡವಂತೆ. ಎರಡನೇ ತಂಡವೂ ಇಲ್ಲ. ಹಾಗಾದರೆ ಮೊಮ್ಮಗಳ ಆಫೀಸಿಗೂ ಬೀಗ. ಅವಳು ಮರುದಿನವೇ ಅಲ್ಲಿಗೆ ಹೋಗಿ ಮಾತಾಡಬೇಕಿತ್ತು.

"ನಾನೂ ಬರ್ತೀನಿ," ಎಂದೆ.

"ನೀನು ಬಂದು ಏನು ಮಾಡ್ತೀಯ ಅಜ್ಜ?"

ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡೆ. ನನ್ನ ಹೆಂಡತಿ ರೊಟ್ಟಿ, ಹುಚ್ಚೆಳ್ಳು ಪುಡಿ ಕಟ್ಟಿಕೊಡುತ್ತಾ ಹೇಳಿದಳು: "ಬಾಯಿ ಮುಚ್ಕಂಡು ಹೋಗಿ ಬಾ. ಅಲ್ಲಿ ಯಾರಿಗೂ ಏನೂ ಕಲಿಸಬ್ಯಾಡ ಕಣಯ್ಯ, ಕೈ ಮುಗೀತೀನಿ."

ಹೊಳಲ್ಕೆರೆಯಲ್ಲಿ ಬಸ್ಸು ಹತ್ತಿ, ಶಿವಮೊಗ್ಗದಲ್ಲಿ ಬದಲಿಸಿ, ಆಗುಂಬೆಯ ತಿರುವುಗಳಲ್ಲಿ ಕಿಟಕಿ ಸರಳು ಹಿಡಿದುಕೊಂಡು ಇಳಿದೆವು. ದಾರಿಯುದ್ದಕ್ಕೂ ಅವಳು ನನಗೆ ಒಂದು ಬಿರುಸು ಮಾತೂ ಆಡಲಿಲ್ಲ. ಹಾಳೆಗಳನ್ನು ತೊಡೆಯ ಮೇಲೆ ಹರಡಿಕೊಂಡು ಹನ್ನೊಂದು ಹೆಸರಿನ ಮುಂದೆ ಏನೇನೋ ಗುರುತು ಹಾಕುತ್ತಿದ್ದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಸಮುದ್ರ ಕಂಡಾಗ ನಾನು ಬಸ್ಸಿನಲ್ಲೇ ಎದ್ದು ನಿಂತುಬಿಟ್ಟೆ. ಕಂಡಕ್ಟರು ಕೂರಿಸಿದ. ಟಿವಿಯಲ್ಲಿ ನೋಡಿದ್ದೆ, ಆದರೆ ಟಿವಿಯಲ್ಲಿ ಅದಕ್ಕೆ ಅಂಚು ಇರುತ್ತದೆ. ಇಳಿದ ಮೇಲೆ ಬೊಗಸೆಯಲ್ಲಿ ಮೊಗೆದು ಬಾಯಿಗೆ ಹಾಕಿಕೊಂಡು ಉಗುಳಿದೆ. ಇಷ್ಟು ನೀರು, ಒಂದು ಕುರಿಗೂ ಕುಡಿಸುವಂತಿಲ್ಲ! ಆ ಗಾಬರಿಯಲ್ಲಿ ಬಂದ ಕೆಲಸವೇ ಒಂದು ಗಳಿಗೆ ಮರೆತುಹೋಗಿತ್ತು.

ಬಲೆಯ ಶೆಡ್ಡಿನಲ್ಲಿ ಎಲ್ಲರೂ ಸೇರಿದ್ದರು. ನಮ್ಮ ಹನ್ನೊಂದು ಜನ ಒಂದು ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಬಬ್ಬೂರಿನಾಕೆ ನನ್ನನ್ನು ನೋಡಿ ತಲೆ ತಗ್ಗಿಸಿದಳು. ಬೋಟಿನ ಯಜಮಾನರು ನನ್ನದೇ ವಯಸ್ಸಿನವರು. ಬಿಚ್ಚಿಹೋದ ಬಲೆಯನ್ನು ಕಾಲಬುಡದಲ್ಲಿ ರಾಶಿ ಹಾಕಿಕೊಂಡಿದ್ದರು.

"ಎಂತ ಮಾರಾಯ್ತಿ ಇದು? ಬಲೆಯಾ, ಜರಡಿಯಾ?" ಎಂದು ಮೊಮ್ಮಗಳನ್ನು ಕೇಳಿದರು. "ಎರಡು ತಿಂಗಳು ಕಾದು ಬೋಟು ಇಳಿಸಿದ್ದು ನಾವು. ಘಟ್ಟದ ಮೇಲಿನವರಿಗೆ ಸಮುದ್ರದ ಕೆಲಸ ಬೇಡ ಅಂತ ಎಲ್ಲರೂ ಹೇಳಿದ್ರು, ನಾನೇ ಕೇಳ್ಲಿಲ್ಲ. ಇವರಿಗೆ ಈ ಗಂಟು ಕಲಿಸಿದ್ದು ಯಾರು?"

 ಮೊಮ್ಮಗಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ತಪ್ಪು ನಂದು ಸರ್. ಯಾರು ಕಲಿಸಬೇಕು, ಏನು ಕಲಿಸಬೇಕು ಅಂತ ನೋಡ್ಕಳೋದು ನನ್ನ ಕೆಲಸ. ನಾನು ಸರಿಯಾಗಿ ನೋಡ್ಲಿಲ್ಲ. ಈ ಹೆಣ್ಣುಮಕ್ಕಳು ಹೇಳ್ಕೊಟ್ಟಿದ್ದನ್ನ ಹೇಳ್ಕೊಟ್ಟಂಗೇ ಮಾಡ್ಯಾರೆ. ಬೈಯೋದಾದ್ರೆ ನನ್ನನ್ನ ಬೈರಿ. ಅವರನ್ನ ಕಳಿಸಬ್ಯಾಡ್ರಿ."

ಸಮುದ್ರ ನೋಡಿದಾಗ ಆಗದ ಆಘಾತ ನನಗೆ ಆಗ ಆಯಿತು. ಇವಳು ಎಷ್ಟು ಪುಟ್ಟವಳಿದ್ದಳು! ಜ್ವರ ಬಂದ ಮರಿಯನ್ನು ಮಡಿಲಲ್ಲಿ ಇಟ್ಟುಕೊಂಡು, ಕೊಡುವುದಿಲ್ಲ ಎಂದು ರಚ್ಚೆ ಹಿಡಿದು ಅಳುತ್ತಿದ್ದ ಹುಡುಗಿ. ಇವತ್ತು ಅಷ್ಟು ಜನ ಗಂಡಸರ ಎದುರು ನಿಂತು ನನ್ನ ತಪ್ಪನ್ನು ತನ್ನ ತಲೆಯ ಮೇಲೆ ಎತ್ತಿಟ್ಟುಕೊಂಡಿದ್ದಾಳೆ. ದನಿ ನಡುಗಲಿಲ್ಲ. 

"ನಾನು ಸ್ವಾಮಿ," ಎಂದುಬಿಟ್ಟೆ. "ಕಲಿಸಿದೋನು ನಾನು. ಇವಳು ಬ್ಯಾಡ ಅಂದಿದ್ಲು. ಇವಳ ಅಜ್ಜ."

"ಅಜ್ಜ, ಸುಮ್ನಿರು," ಎಂದಳು ಮೊಮ್ಮಗಳು ಹಲ್ಲು ಕಚ್ಚಿ.

ಯಜಮಾನರು ನನ್ನ ಹೆಗಲ ಮೇಲಿನ ಕಂಬಳಿಯನ್ನು ನೋಡಿದರು. ಸೂಜಿ, ದಾರ ಎತ್ತಿ ನನ್ನ ಮುಂದೆ ಚಾಚಿದರು. "ಹಾಕಿ ನೋಡುವ." ನಾನು ಒಂದು ಗಂಟು ಹಾಕಿದೆ. ಅವರು ಅದನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ತುದಿ ಎಳೆದರು. ಸರಕ್ಕನೆ ಬಿಚ್ಚಿಕೊಂಡಿತು.

"ಇದು ಹೀಗೆ ಬಿಚ್ಚುದು ಯಾಕೆ?"

ಮರಿಯ ಕುತ್ತಿಗೆ, ತುದಿಯನ್ನು ಹಲ್ಲಿನಲ್ಲಿ ಎಳೆಯುವುದು, ನಮ್ಮಪ್ಪನ ಎರಡು ಏಟು, ಎಲ್ಲ ಹೇಳಿದೆ. ಹೇಳುವಾಗ ನನಗೇ ಅದು ಎಷ್ಟು ಹುಚ್ಚುತನ ಎನಿಸಿತು. ಅವರು ದಾರವನ್ನು ಮತ್ತೊಮ್ಮೆ ತಿರುಗಿಸಿ ನೋಡಿದರು. ಆಮೇಲೆ ಹೊಟ್ಟೆ ಕುಲುಕಿ ನಕ್ಕುಬಿಟ್ಟರು.

"ಹೋಯ್, ನಿಮ್ಮದು ಬಲೆಗೆ ಸಿಕ್ಕಿದ್ರೂ ಬದುಕ್ಬೇಕು. ನಮ್ಮದು ಸಿಕ್ಕಿದ ಮೇಲೆ ಬಿಡ್ಬಾರ್ದು. ಇಷ್ಟೇ ಅಲ್ವಾ ವ್ಯತ್ಯಾಸ?"

ನಕ್ಕರೂ ಪಟ್ಟು ಬಿಡಲಿಲ್ಲ. ನಾಲ್ಕು ದಿನ ಕೊಟ್ಟರು. ಈ ಬಲೆಯಲ್ಲೂ ಶೆಡ್ಡಿನ ಉಳಿದ ಬಲೆಗಳಲ್ಲೂ ಇವರು ಹಾಕಿದ ತೇಪೆಗಳನ್ನೆಲ್ಲ ಬಿಚ್ಚಿ, ಇವರೇ ಹೊಸದಾಗಿ ಹೆಣೆಯಬೇಕು. ಬಲೆ ಮತ್ತೆ ಸಮುದ್ರಕ್ಕೆ ಹೋಗುತ್ತದೆ. ಗಂಟು ತಡೆದರೆ ಇವರೂ ಇರಬಹುದು, ಮುಂದಿನ ತಂಡವೂ ಬರಬಹುದು. ತಡೆಯದಿದ್ದರೆ ಎಲ್ಲರೂ ಮರುದಿನ ಬಸ್ಸು ಹತ್ತಬೇಕು.

ನನ್ನ ಗಂಟಿನಿಂದ ಆದ ಒಂದೇ ಒಂದು ಉಪಕಾರ ಎಂದರೆ ಬಿಚ್ಚುವ ಕೆಲಸ. ಎರಡು ದಿನವಾದರೂ ಬೇಕೆಂದು ಅವರು ಲೆಕ್ಕ ಹಾಕಿದ್ದರು. ಸರಕ್ ಸರಕ್ ಎಂದು ಎಳೆದು ಮಧ್ಯಾಹ್ನದ ಊಟದೊಳಗೆ ಮುಗಿಸಿಬಿಟ್ಟೆವು. ಅಲ್ಲಿಯ ಹುಡುಗರು ಕೆಲಸ ಬಿಟ್ಟು ಬಂದು ನೋಡಿದರು.

ಹೆಣೆಯುವುದೇ ಕಷ್ಟ. ಯಜಮಾನರೇ ಚಾಪೆ ಹಾಕಿ ಕೂತು ತೋರಿಸಿದರು. ದಾರ ಕೆಳಗಿಂದ ಬಂದು ಸುತ್ತಿ, ತನ್ನನ್ನೇ ತುಳಿದುಕೊಂಡು ಕೂರಬೇಕು. ಮೇಲೆ ಇನ್ನೊಂದು ಬಿಗಿ. ನಾನೂ ಕೂತೆ. ತಪ್ಪು ಮಾಡಿದವನು ಸುಮ್ಮನೆ ಕೂರಲು ಆಗುತ್ತದೆಯೇ? ಆದರೆ ನನ್ನ ಕೈ ನನ್ನ ಮಾತು ಕೇಳುತ್ತಿರಲಿಲ್ಲ. ಕಣ್ಣು ಆಚೆ ಹೋದರೆ ಸಾಕು, ಬೆರಳು ತಾನಾಗಿ ಹಳೇ ದಾರಿ ಹಿಡಿಯುತ್ತಿತ್ತು. ಬಬ್ಬೂರಿನಾಕೆ ಪಕ್ಕದಲ್ಲಿ ಕೂತು ಕಾವಲು ಕಾದಳು.

"ಮೇಷ್ಟ್ರೇ, ಮತ್ತೆ ಕುರಿಗಂಟು! ಬಿಚ್ರಿ, ಬಿಚ್ರಿ."

"ಲೇ, ನಾನು ನಿನಗೆ ಕಲಿಸಿದೋನು."

"ಅದಕ್ಕೇ ಅಲ್ವಾ ಇಲ್ಲಿಗೆ ಬಂದು ಕುಂತಿರೋದು?" ಎಂದು ನಕ್ಕು, ದನಿ ತಗ್ಗಿಸಿದಳು. "ಮಗಳು ಇಲ್ಲಿ ಶಾಲೆಗೆ ಹೊಂದ್ಕಂಡವ್ಳೆ ಅಜ್ಜ. ಮತ್ತೆ ಕಿತ್ತು ಎಲ್ಲಿಗೆ ನೆಡಲಿ? ಸರಿಯಾಗಿ ಹಾಕ್ರಿ."

ಆಮೇಲೆ ನನ್ನ ಕಣ್ಣು ಬಲೆ ಬಿಟ್ಟು ಕದಲಲಿಲ್ಲ. ಮೊಮ್ಮಗಳು ಒಂದೊಂದು ತೇಪೆಯನ್ನೂ ಎರಡು ಕೈಯಲ್ಲಿ ಜಗ್ಗಿ ನೋಡಿ, ಹಾಳೆಯಲ್ಲಿ ಗುರುತು ಹಾಕಿಕೊಂಡಳು. ನನ್ನವನ್ನು ಎರಡೆರಡು ಸಲ ಜಗ್ಗಿದಳು. ಏಳು ಗಂಟು ತಿರುಗಿ ಹಾಕಿಸಿದಳು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಐದನೇ ದಿನ ಬೆಳಗಿನ ಜಾವ ಬೋಟು ಹೋಯಿತು. ನಾವು ದಂಡೆಯ ಮೇಲೆ ಸಾಲಾಗಿ ಕೂತೆವು. ಬಿಸಿಲೇರಿತು. ಹೆಂಡತಿ ಕಟ್ಟಿಕೊಟ್ಟ ರೊಟ್ಟಿಯಲ್ಲಿ ಉಳಿದಿದ್ದವು ಕಟಕಟ ಒಣಗಿದ್ದವು, ಅವನ್ನೇ ಮುರಿದು ಹಂಚಿಕೊಂಡೆವು. ಮಧ್ಯಾಹ್ನ ದಾಟಿದ ಮೇಲೆ ದೂರದಲ್ಲಿ ಬೋಟು ಕಂಡಿತು. ಅಲ್ಲಿಯವರು ಕೈ ಅಡ್ಡ ಹಿಡಿದು ನೋಡಿ, "ತಗ್ಗಿ ಬರ್ತಾ ಉಂಟು, ಭಾರ ಉಂಟು" ಎಂದರು. ನನಗೆ ಏನು ತಿಳಿಯಬೇಕು? ಮೊಮ್ಮಗಳ ಕೈ ಹುಡುಕಿ ಹಿಡಿದುಕೊಂಡೆ. ಮಂಜುಗಡ್ಡೆಯ ಹಾಗೆ ತಣ್ಣಗಿತ್ತು. ಹಾಗಾದರೆ ಇಷ್ಟು ದಿನ ಇವಳೂ ಹೆದರಿಯೇ ಇದ್ದಳು! ನನಗೆ ತೋರಿಸಿಕೊಂಡಿರಲಿಲ್ಲ, ಅಷ್ಟೇ.

ಬುಟ್ಟಿ ಬುಟ್ಟಿ ಮೀನು ಇಳಿಸಿದರು. ಬೆಳ್ಳಿ ಕರಗಿಸಿ ಸುರಿದ ಹಾಗೆ. ಅಷ್ಟು ಜೀವ ಒಂದೇ ಕಡೆ ನಾನು ಕಂಡಿದ್ದಿಲ್ಲ. ಯಜಮಾನರು ಮೀನು ನೋಡಲಿಲ್ಲ. ಒದ್ದೆ ಬಲೆಯನ್ನು ದಂಡೆಗೆ ಎಳೆಸಿ, ತೇಪೆಗಳನ್ನು ಒಂದೊಂದಾಗಿ ಹುಡುಕಿ, ಕಾಲಲ್ಲಿ ತುಳಿದುಕೊಂಡು ಎರಡೂ ಕೈಯಿಂದ ಜಗ್ಗಿದರು. ಒಂದೂ ಬಿಚ್ಚಲಿಲ್ಲ. ಕೊನೆಯದನ್ನು ಬಿಟ್ಟು ನೆಟ್ಟಗೆ ನಿಂತು ಮೊಮ್ಮಗಳಿಗೆ, "ಮುಂದಿನವರು ಯಾವಾಗ ಬರುದು?" ಎಂದು ಕೇಳಿದರು.

ಬಬ್ಬೂರಿನಾಕೆ ಸೆರಗು ಬಾಯಿಗೆ ಒತ್ತಿಕೊಂಡಳು. ಉಳಿದವರು ಕೂಗಿದ ಕೂಗಿಗೆ ಕಾಗೆ, ಹದ್ದು ಎಲ್ಲಾ ಎದ್ದವು. ನಾನು ಕಂಬಳಿ ಬೀಸಿ ಕುಣಿದೆನಂತೆ. ನನಗೆ ನೆನಪಿಲ್ಲ. ಯಾರೋ ಮೊಬೈಲಿನಲ್ಲಿ ತೆಗೆದಿದ್ದಾರೆ, ಅದಕ್ಕೆ ಒಪ್ಪಿಕೊಳ್ಳಬೇಕಾಗಿದೆ.

ಹಟ್ಟಿಗೆ ವಾಪಸ್ಸು ಬಂದು ವಾರವಾಗಿತ್ತು. ದೊಡ್ಡಿಯ ಬಲೆ ಒಂದು ಕಡೆ ಹರಿದಿತ್ತು, ಹೆಣೆದೆ. ಮರುದಿನ ಸಂಜೆ ಒಂದು ಮರಿ ಅಲ್ಲೇ ಕುತ್ತಿಗೆ ತೂರಿಸಿ ಸಿಕ್ಕಿಕೊಂಡು ಬ್ಯಾ ಎಂದಿತು. ಓಡಿಹೋಗಿ ತುದಿ ಎಳೆದೆ. ಬರಲಿಲ್ಲ. ಹಲ್ಲಿನಲ್ಲಿ ಎಳೆದೆ. ಬರಲಿಲ್ಲ!  ಕೈ ಕಲಿತುಬಿಟ್ಟಿತ್ತು. ನಾನು ಹಾಕಿದ್ದು ಸಮುದ್ರದ ಗಂಟು.

ಹೆಂಡತಿ ಕುಡುಗೋಲು ತಂದು ಕೊಯ್ದಳು. ಮರಿ ಕೊಡವಿಕೊಂಡು ಓಡಿತು.

"ಅಲ್ಲಿ ಮೀನು ಬಿಟ್ಟೆ, ಇಲ್ಲಿ ಕುರಿ ಹಿಡ್ಕಂಡೆ," ಎಂದಳು. "ನಿನ್ನ ಕೈ ಯಾವ ತಾಲ್ಲೂಕಿಂದು ಕಣಯ್ಯ?"

ಫೋನಿನಲ್ಲಿ ಮೊಮ್ಮಗಳಿಗೆ ಹೇಳಿದೆ. ಅವಳು ಹೊಸದುರ್ಗದಲ್ಲಿ ಎರಡನೇ ತಂಡವನ್ನು ಕೂರಿಸಿಕೊಂಡಿದ್ದಳು. ನಕ್ಕೂ ನಕ್ಕೂ ಅವಳಿಗೆ ಮಾತೇ ಹೊರಡಲಿಲ್ಲ. ಹಿಂದಿನಿಂದ ಹೆಂಗಸರು "ಏನಂತೆ ಮೇಡಂ, ಏನಂತೆ" ಎಂದು ಕೇಳುವುದು ನನಗೂ ಕೇಳಿಸಿತು.

"ನಾನೂ ಬರ್ಲೇನವ್ವಾ?" ಎಂದೆ.

"ಬಾ ಅಜ್ಜ. ಕಲಿಸೋಕಲ್ಲ, ನೋಡೋಕೆ. ಬಬ್ಬೂರಿನ ಅಕ್ಕ ರಜೆ ಹಾಕಿ ಬಂದವ್ಳೆ, ಅವಳೇ ಈ ಸಲ ಮೇಷ್ಟ್ರು."

ಮರುದಿನವೇ ಹೊಸದುರ್ಗದ ಬಸ್ಸು ಹತ್ತಿದೆ. ತರಬೇತಿಯ ಭವನದಲ್ಲಿ ಮುಂದುಗಡೆ ಬಬ್ಬೂರಿನಾಕೆ ಕೂತು ಗಂಟು ತೋರಿಸುತ್ತಿದ್ದಳು. ಮೊಮ್ಮಗಳು ಸಾಲುಗಳ ನಡುವೆ ಓಡಾಡುತ್ತಾ ಜಗ್ಗಿ ಜಗ್ಗಿ ನೋಡುತ್ತಿದ್ದಳು. ನನಗೆ ಹಿಂದುಗಡೆ ಒಂದು ಕುರ್ಚಿ ಹಾಕಿದರು. ಹಿಗ್ಗು ತಡೆಯಲಾರದೆ ಬೆರಳು ಕುಣಿಯುತ್ತಿದ್ದವು. ಎರಡೂ ಕೈಯನ್ನು ಕಂಬಳಿಯೊಳಗೆ ಇಟ್ಟುಕೊಂಡು ಸಂಜೆಯವರೆಗೂ ಕೂತಿದ್ದೆ.